ಬ್ಯಾಟರಿ ಕುದಿಯುತ್ತಿದೆ, ನೋಡಿದಿರಾ?



ಮಳೆ ಜೋರಾಗಿದೆ. ಆದರೂ ಇಷ್ಟು ಜನ ಬಂದಿದ್ದೀರಿ. ಚಾಪೆಯನ್ನು ಸ್ವಲ್ಪ ಹತ್ತಿರ ಎಳೆದುಕೊಳ್ಳಿ. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ನಮ್ಮ ಮಾತು ಹಿಂದೆ ಕೂತವರಿಗೆ ಕೇಳಿಸಲಿಕ್ಕಿಲ್ಲ.

ಇವತ್ತು ಬೋಟಿನ ಬ್ಯಾಟರಿಯ ವಿಷಯ ಮಾತಾಡುವ. ಮನೆಯಲ್ಲಿ ಅದಕ್ಕೆ ಚಾರ್ಜ್ ಹಾಕುವ ಹಳೆ ಚಾರ್ಜರ್ ಉಂಟಲ್ಲ, ಅದರ ವಿಷಯವೂ ಮಾತಾಡುವ.

"ಅದು ಗಂಡಸರ ಕೆಲಸ ಟೀಚರೇ, ನಮಗೆ ಎಂತಕ್ಕೆ?" ಯಾರೋ ಹೇಳಿದ್ದು ಕೇಳಿಸಿತು. ಸರಿ. ಒಂದು ಪ್ರಶ್ನೆ ಕೇಳುತ್ತೇವೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗೆ ಹೋಗುವಂತಿಲ್ಲ. ಒಟ್ಟು 61 ದಿನ. ಆಗ ಬೋಟಿನ ಬ್ಯಾಟರಿ ಎಲ್ಲಿರುತ್ತದೆ? ನಮ್ಮ ಮನೆಯಲ್ಲಿ. ಮನೆಯಲ್ಲಿ ಎಲ್ಲಿ? ಮಳೆ ಸೋರದ ಜಾಗದಲ್ಲಿ. ಅಂದರೆ ಅಡುಗೆ ಮನೆಯ ಮೂಲೆಯಲ್ಲಿ, ಇಲ್ಲವೇ ಮಕ್ಕಳು ಮಲಗುವ ಕೋಣೆಯಲ್ಲಿ. ಅದರ ಪಕ್ಕದಲ್ಲಿ ಇಡೀ ದಿನ ಇರುವವರು ಯಾರು? ನಾವೇ ತಾನೆ?

ನಮಗೆ ಈ ವಿಷಯ ಪುಸ್ತಕದಿಂದ ಗೊತ್ತಾದದ್ದಲ್ಲ. ಗಂಗೊಳ್ಳಿ ಕಡೆಯ ಒಬ್ಬ ಅಕ್ಕನಿಂದ ಗೊತ್ತಾಯಿತು. ಅವರು ನಮ್ಮ ಹಾಗೆಯೇ ಕಲಿಕಾ ಕೇಂದ್ರಕ್ಕೆ ಬಂದು ಓದು ಕಲಿತವರು. ಅವರ ಹೆಸರು ಹೇಳುವುದಿಲ್ಲ. "ಕತೆ ಹೇಳಿ, ಹೆಸರು ಮಾತ್ರ ಬೇಡ" ಅಂತ ಅವರೇ ಹೇಳಿದ್ದಾರೆ.

ಆ ಅಕ್ಕನ ಗಂಡನಿಗೆ ಒಂದು ಸಣ್ಣ ಬೋಟಿನಲ್ಲಿ ಪಾಲು ಉಂಟು. 2023ರ ಆಗಸ್ಟ್ ತಿಂಗಳು. ನಿಷೇಧ ಮುಗಿದು ಬೋಟು ಕಡಲಿಗೆ ಹೋಯಿತು. ಬಲೆ ಬಿಟ್ಟು ಎಂಜಿನ್ ನಿಲ್ಲಿಸಿದರು. ಆಮೇಲೆ ಎಂಜಿನ್ ಏಳಲೇ ಇಲ್ಲ. ಬ್ಯಾಟರಿಯಲ್ಲಿ ಜೀವ ಇಲ್ಲ. ದೀಪವೂ ಮಂದ. ವಯರ್‌ಲೆಸ್ಸಿನಲ್ಲಿ ಎರಡು ಮಾತು ಆಡುವಷ್ಟರಲ್ಲಿ ಅದೂ ನಿಂತಿತು. ಗಾಳಿ ಬೇರೆ. ಪುಣ್ಯಕ್ಕೆ ಹತ್ತಿರದಲ್ಲಿ ಇನ್ನೊಂದು ಬೋಟು ಇತ್ತು. ಅವರು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದರು.

ಆ ರಾತ್ರಿ ಅಕ್ಕ ಜಗಲಿಯಲ್ಲೇ ಕೂತಿದ್ದರಂತೆ. ಒಲೆ ಹಚ್ಚಲಿಲ್ಲ.

ಬ್ಯಾಟರಿ ಕೊಂಡು ಎರಡೇ ವರ್ಷ ಆಗಿತ್ತು. ಎಲ್ಲರೂ ಅಂಗಡಿಯವನನ್ನು ಬೈದರು. ಮೋಸದ ಮಾಲು ಕೊಟ್ಟ ಅಂದರು. ಅಕ್ಕ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದರು. ಎರಡು ಹೊಸ ಬ್ಯಾಟರಿ ಬಂತು. ಸಾಲದ ಕಂತು ತಿಂಗಳು ತಿಂಗಳು ಕಟ್ಟಿದರು.

2024ರ ಜೂನ್ ಬಂತು. ಹೊಸ ಬ್ಯಾಟರಿಗಳು ಮನೆಗೆ ಬಂದವು. ಅಡುಗೆ ಮನೆಯ ಮೂಲೆಯಲ್ಲಿ ಕೂತವು. ಮಾವನ ಕಾಲದ ಚಾರ್ಜರ್ ಅಟ್ಟದಿಂದ ಇಳಿಯಿತು. ಕ್ಲಿಪ್ ಸಿಕ್ಕಿಸಿದರು. ಸ್ವಿಚ್ ಹಾಕಿದರು. ಅಷ್ಟೆ. ಆಮೇಲೆ ಅದರ ಕಡೆ ಯಾರೂ ನೋಡಲಿಲ್ಲ. ರಾತ್ರಿ ಹಗಲು ಅದು ಗುಂಯ್ ಅನ್ನುತ್ತಲೇ ಇತ್ತು.

ಮೂರನೆಯ ದಿನ ಅಕ್ಕನ ಮೂಗಿಗೆ ಒಂದು ವಾಸನೆ ಬಂತು. ಹುಳಿ ವಾಸನೆ. ಗಂಟಲು ಕೆರೆಯಿತು. ಬ್ಯಾಟರಿ ಹತ್ತಿರ ಹೋಗಿ ಕಿವಿ ಕೊಟ್ಟರೆ ಒಳಗೆ ಗುಳುಗುಳು ಸದ್ದು. ಪೆಟ್ಟಿಗೆ ಮುಟ್ಟಿದರೆ ಬಿಸಿ.

"ಹೋಯ್, ಇಲ್ಲಿ ಕಾಣಿ. ಬ್ಯಾಟರಿ ಕುದೀತಾ ಉಂಟು" ಅಂತ ಗಂಡನನ್ನು ಕರೆದರು.

"ಕುದಿಯದೆ ಚಾರ್ಜ್ ಆಗುದು ಹೇಗೆ? ಅಪ್ಪನ ಕಾಲದಿಂದ ಹೀಗೇ. ನಿನ್ನ ಅನ್ನ ನೀನು ಕಾಣು" ಅಂದರು ಅವರು.

ಗಂಡ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅರ್ಧ ನಿಜ. ಅರ್ಧ ನಿಜವೇ ಹೆಚ್ಚು ಕಷ್ಟ ಕೊಡುವುದು. ಬ್ಯಾಟರಿಯ ಒಳಗೆ ಏನು ನಡೆಯುತ್ತದೆ ಅಂತ ಮೊದಲು ನೋಡುವ.

ಬೋಟಿನ ದೊಡ್ಡ ಬ್ಯಾಟರಿಯ ಒಳಗೆ ಆರು ಗೂಡು ಇರುತ್ತವೆ. ಮೇಲೆ ಆರು ಮುಚ್ಚಳ ಇರುತ್ತದಲ್ಲ, ಒಂದೊಂದು ಗೂಡಿಗೆ ಒಂದೊಂದು. ಪ್ರತಿ ಗೂಡಿನಲ್ಲೂ ಸೀಸದ ಪ್ಲೇಟುಗಳು. ಅವು ಮುಳುಗುವಷ್ಟು ಆಸಿಡ್ ಬೆರೆತ ನೀರು. ಒಂದು ಗೂಡಿಗೆ ಸುಮಾರು 2 ವೋಲ್ಟ್. ಆರು ಗೂಡಿಗೆ 12 ವೋಲ್ಟ್. ವೋಲ್ಟ್ ಅಂದರೆ ಕರೆಂಟಿನ ಒತ್ತಡ. ಟ್ಯಾಂಕಿ ಎತ್ತರದಲ್ಲಿದ್ದರೆ ನಲ್ಲಿ ನೀರು ಜೋರಾಗಿ ಬರುವುದಿಲ್ಲವೇ? ಹಾಗೆ.

ಚಾರ್ಜರ್ ಹೊರಗಿನಿಂದ ಕರೆಂಟು ತಳ್ಳುತ್ತದೆ. ಬ್ಯಾಟರಿ ಹಸಿದಿರುವಾಗ ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ಹೊಟ್ಟೆ ತುಂಬುತ್ತಾ ಬಂದ ಹಾಗೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅಷ್ಟಾದರೆ ತೊಂದರೆ ಇಲ್ಲ. ಚಾರ್ಜ್ ಮುಗಿಯಿತು ಅನ್ನುವ ಗುರುತು ಅದು. ಅಲ್ಲಿಗೆ ನಿಲ್ಲಿಸಬೇಕು. ನಿಲ್ಲಿಸದೆ ಹೋದರೆ? ಅನ್ನ ಬೆಂದ ಮೇಲೂ ಉರಿ ಹಾಗೇ ಬಿಟ್ಟರೆ ಏನಾಗುತ್ತದೆ? ನೀರು ಆರುತ್ತದೆ, ತಳ ಹಿಡಿಯುತ್ತದೆ. ಇಲ್ಲಿಯೂ ನೀರು ಆರುತ್ತದೆ. ಪ್ಲೇಟು ನೀರಿನಿಂದ ಮೇಲೆ ಬರುತ್ತದೆ, ಹಾಳಾಗುತ್ತದೆ. ಪ್ಲೇಟಿನ ಪುಡಿ ಉದುರಿ ತಳದಲ್ಲಿ ಕೂರುತ್ತದೆ. ಬ್ಯಾಟರಿ ಸಾಯುತ್ತದೆ.

ಆದರೆ ಅನ್ನದ ಪಾತ್ರೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಉಂಟು. ಪಾತ್ರೆಯಿಂದ ಬರುವುದು ಹಬೆ. ಬ್ಯಾಟರಿಯಿಂದ ಬರುವುದು ಹಬೆಯಲ್ಲ. ಹೆಚ್ಚಿನ ಕರೆಂಟು ನೀರನ್ನೇ ಒಡೆದು ಎರಡು ಗಾಳಿ ಮಾಡುತ್ತದೆ. ಒಂದು ಆಮ್ಲಜನಕ. ಇನ್ನೊಂದು ಜಲಜನಕ. ಈ ಜಲಜನಕಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಅಕ್ಕನ ಮೂಗಿಗೆ ಬಂದದ್ದು ಗುಳ್ಳೆಯ ಜೊತೆ ಹಾರಿದ ಆಸಿಡ್ಡಿನ ವಾಸನೆ. ನೂರು ಪಾಲು ಗಾಳಿಯಲ್ಲಿ 4 ಪಾಲು ಜಲಜನಕ ಸೇರಿದರೆ ಸಾಕು, ಒಂದು ಕಿಡಿಗೆ ಅದು ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಸಿಡಿದರೆ ಆಸಿಡ್ ಮುಖಕ್ಕೆ ಹಾರುತ್ತದೆ.

ಆ ಮನೆಯಲ್ಲಿ ಬ್ಯಾಟರಿಗೂ ಒಲೆಗೂ ಮೂರು ಮಾರು ದೂರ. ನೆನೆಸಿಕೊಂಡರೆ ಈಗಲೂ ನಮಗೆ ಮೈ ಜುಂ ಅನ್ನುತ್ತದೆ.

ಅಕ್ಕ ಏನು ಮಾಡಿದರು? ಜಗಳ ಮಾಡಲಿಲ್ಲ. ಮೊದಲು ಸ್ವಿಚ್ ಆರಿಸಿದರು. ಸಂಜೆ ಗಂಡನ ತಮ್ಮನನ್ನು ಕರೆಸಿದರು. ಅವನು ವಯರಿಂಗ್ ಕೆಲಸ ಕಲಿತ ಹುಡುಗ. ಬ್ಯಾಟರಿಗಳನ್ನು ಗಾಳಿಯಾಡುವ ಜಗಲಿಗೆ ಸಾಗಿಸಿದರು. "ನಿನ್ನ ಮೀಟರ್ ಒಂದು ರಾತ್ರಿ ಇಲ್ಲೇ ಇರಲಿ. ನೋಡುವುದು ಹೇಗೆ ಅಂತ ಹೇಳಿಕೊಡು" ಅಂದರು.

ಮೀಟರ್ ನೋಡುವುದು ಕಷ್ಟ ಅಲ್ಲ. ಬಸ್ಸಿನ ನಂಬರ್ ಓದಲು ಬರುತ್ತದಲ್ಲ, ಅದೇ ಅಂಕಿಗಳು. ನಡುವೆ ಒಂದು ಚುಕ್ಕೆ ಇರುತ್ತದೆ. 13.5 ಅಂದರೆ ಹದಿಮೂರೂವರೆ. ತಿರುಪನ್ನು 20 ಅಂತ ಬರೆದ ಕಡೆ ತಿರುಗಿಸಬೇಕು. ಅಲ್ಲಿ ಒಂದು ನೇರ ಗೆರೆ, ಅದರ ಕೆಳಗೆ ತುಂಡು ತುಂಡು ಗೆರೆ ಇರುತ್ತದೆ. ಅದು ಬ್ಯಾಟರಿಯ ಗುರುತು. ಅಲೆಯ ಹಾಗಿನ ಗೆರೆ ಮನೆಯ ಕರೆಂಟಿನ ಗುರುತು. ಅದರ ತಂಟೆ ನಮಗೆ ಬೇಡ. ಗೋಡೆಯ ಪ್ಲಗ್ಗಿಗೆ ಮೀಟರಿನ ಕಡ್ಡಿ ಹಾಕಲೇಬಾರದು. ಕೆಂಪು ಕಡ್ಡಿ ಕೂಡಿಸುವ ಗುರುತಿಗೆ, ಕಪ್ಪು ಕಡ್ಡಿ ಕಳೆಯುವ ಗುರುತಿಗೆ. ಕೂಡಿಸುವ ಲೆಕ್ಕ, ಕಳೆಯುವ ಲೆಕ್ಕ ಮಾಡಿದ್ದೀರಲ್ಲ, ಅದೇ ಗುರುತು ಬ್ಯಾಟರಿಯ ಮೇಲೂ ಉಂಟು.

ಆ ರಾತ್ರಿ ಅಕ್ಕ ಮಲಗಲಿಲ್ಲ. ಮಗಳ ಹಳೆ ನೋಟು ಪುಸ್ತಕದಲ್ಲಿ ಗೆರೆ ಎಳೆದು ಹೀಗೆ ಬರೆದರು:

ರಾತ್ರಿ 8 ಗಂಟೆ. 14.1
ರಾತ್ರಿ 11 ಗಂಟೆ. 15.0
ಬೆಳಗಿನ ಜಾವ 4 ಗಂಟೆ. 15.9

ಆ ಪುಟವನ್ನು ನಾವು ನೋಡಿದ್ದೇವೆ. ಅಕ್ಷರ ಸೊಟ್ಟ ಇದ್ದರೂ ಅಂಕಿ ಸ್ಪಷ್ಟ ಇತ್ತು. 4 ಗಂಟೆಗೆ ಬರೆದ ಕೂಡಲೇ ಸ್ವಿಚ್ ಆರಿಸಿದರಂತೆ.

ಇಂಥ ಬ್ಯಾಟರಿಗೆ ಚಾರ್ಜ್ ಆಗುವಾಗ 14.4ರ ಹತ್ತಿರ ಬಂದರೆ ಸಾಕು. ಅದಕ್ಕಿಂತ ಮೇಲೆ ಹೋದ ಹಾಗೆ ನೀರು ಒಡೆಯುವುದು ಹೆಚ್ಚುತ್ತದೆ. ತುಂಬಿದ ಮೇಲೂ ಚಾರ್ಜರಿಗೆ ತಗಲಿಸಿ ಇಡುವುದಾದರೆ 13.5ರಿಂದ 13.8ರ ಒಳಗೆ ಇರಬೇಕು. 15.9 ಅಂದರೆ ಬ್ಯಾಟರಿಯನ್ನು ಬೇಯಿಸಿದ ಹಾಗೆ.

ಆದರೆ ಸಂಜೆ ಸರಿ ಇದ್ದದ್ದು ಬೆಳಗಿನ ಜಾವಕ್ಕೆ ಏಕೆ ಕೆಟ್ಟಿತು? ಮೈದುನ ಚಾರ್ಜರ್ ಬಿಚ್ಚಿ ನೋಡಿದ. ಅದರೊಳಗೆ ಒಂದು ಸಣ್ಣ ಭಾಗ ಇರುತ್ತದೆ. ಬ್ಯಾಟರಿ ತುಂಬಿದ ಕೂಡಲೇ ಕರೆಂಟು ಕಡಿಯುವುದು ಅದರ ಕೆಲಸ. ಕಡಲಿನ ಉಪ್ಪು ಗಾಳಿಗೆ ಅದು ಎಂದೋ ತುಕ್ಕು ಹಿಡಿದಿತ್ತು. ಹಿಂದೆ ಯಾರೋ ರಿಪೇರಿಯವರು ಅದನ್ನು ತೆಗೆದು ವಯರನ್ನು ಡೈರೆಕ್ಟ್ ಮಾಡಿ ಕೊಟ್ಟಿದ್ದರು. "ಈಗ ಚಂದ ಚಾರ್ಜ್ ಆಗ್ತದೆ" ಅಂತ ಮನೆಯವರಿಗೂ ಖುಷಿ. ಡೈರೆಕ್ಟ್ ಮಾಡಿದ ಚಾರ್ಜರಿಗೆ ಸಾಕು ಅನ್ನುವುದು ಗೊತ್ತಿಲ್ಲ. ಮನೆಗೆ ಕರೆಂಟು ಎಷ್ಟು ಜೋರಾಗಿ ಬರುತ್ತದೋ ಅಷ್ಟೇ ಜೋರಾಗಿ ಅದೂ ತಳ್ಳುತ್ತದೆ.

ಸಂಜೆ ಹೊತ್ತು ಊರಿನಲ್ಲೆಲ್ಲ ದೀಪ, ಫ್ಯಾನು, ಟಿವಿ, ಪಂಪು. ಆಗ ವೋಲ್ಟೇಜ್ ಇಳಿದಿರುತ್ತದೆ. ನಮ್ಮ ಮನೆಯ ಬಲ್ಬೇ ಕೆಂಪಗೆ ಉರಿಯುವುದಿಲ್ಲವೇ? ನಡುರಾತ್ರಿ ಎಲ್ಲರೂ ಆರಿಸಿ ಮಲಗುತ್ತಾರೆ. ಆಗ ವೋಲ್ಟೇಜ್ ಏರುತ್ತದೆ. ಚಾರ್ಜರಿನ ಒತ್ತಡವೂ ಏರುತ್ತದೆ. ಬ್ಯಾಟರಿಯೂ ಅಷ್ಟರಲ್ಲಿ ತುಂಬಿರುತ್ತದೆ. ನಾವು ನಿದ್ರೆಯಲ್ಲಿ ಇರುವಾಗಲೇ ಅದು ಬೇಯುತ್ತಿರುತ್ತದೆ. ಗಂಡಸರು ಸಂಜೆ ನೋಡಿ "ಸರಿ ಉಂಟು" ಅನ್ನುತ್ತಿದ್ದದ್ದು ಇದಕ್ಕೇ.

ಇಲ್ಲಿ ಒಂದು ಮಾತು. ಎಲ್ಲ ತಪ್ಪೂ ಚಾರ್ಜರಿನದ್ದು ಅಂತ ಕೂಡಲೇ ಹೇಳಬಾರದು. ಕೆಲವು ಸಲ ಬ್ಯಾಟರಿಯ ಒಂದು ಗೂಡು ಸತ್ತಿರುತ್ತದೆ. ಆಗಲೂ ಬ್ಯಾಟರಿ ಬಿಸಿಯಾಗುತ್ತದೆ, ಉಳಿದ ಗೂಡುಗಳು ಕುದಿಯುತ್ತವೆ. ಆದರೆ ಆಗ ಮೀಟರಿನ ಅಂಕಿ ಅಷ್ಟು ಮೇಲೆ ಏರುವುದಿಲ್ಲ. ಮೈದುನ ಬೇರೆ ಮನೆಯ ಒಳ್ಳೆ ಬ್ಯಾಟರಿ ತಂದು ಅದೇ ಚಾರ್ಜರಿಗೆ ಹಾಕಿ ನೋಡಿದ. ಅದೂ ನಡುರಾತ್ರಿ 15 ದಾಟಿತು. ಹಾಗಾಗಿ ಕಳ್ಳ ಯಾರು ಅಂತ ಗೊತ್ತಾಯಿತು.

ಆಮೇಲೆ ಅವನು ಹೈಡ್ರೋಮೀಟರ್ ತಂದ. ಗಾಜಿನ ಕೊಳವೆ, ತುದಿಯಲ್ಲಿ ರಬ್ಬರ್ ಚೆಂಡು. ಗೂಡಿನ ನೀರನ್ನು ಸ್ವಲ್ಪ ಹೀರಿದರೆ ಒಳಗಿನ ತೇಲುಕಡ್ಡಿ ಒಂದು ಅಂಕಿ ತೋರಿಸುತ್ತದೆ. ತುಂಬಿದ ಬ್ಯಾಟರಿ ಸುಮಾರು 1250 ತೋರಿಸುತ್ತದೆ. ಅಕ್ಕನ ಒಂದು ಬ್ಯಾಟರಿಯಲ್ಲಿ ಆರೂ ಗೂಡು ಸರಿ ಇದ್ದವು. ಇನ್ನೊಂದರಲ್ಲಿ ಐದು ಸರಿ. ಆರನೆಯದು ಮಾತ್ರ 1150. ಮೂರೇ ದಿನದಲ್ಲಿ ಒಂದು ಗೂಡಿಗೆ ಪೆಟ್ಟು ಬಿದ್ದಿತ್ತು. ಸಾಲದ ಕಂತು ಇನ್ನೂ ಬಾಕಿ ಇತ್ತು.

ಹೋದ ವರ್ಷ ಬೈಸಿಕೊಂಡ ಅಂಗಡಿಯವನ ನೆನಪಾಯಿತಂತೆ ಅಕ್ಕನಿಗೆ. ಪಾಪ, ಅವನ ಮಾಲು ಸರಿಯೇ ಇದ್ದಿರಬೇಕು.

ಈಗ ನಮ್ಮ ನಮ್ಮ ಮನೆಯ ವಿಷಯಕ್ಕೆ ಬರುವ. ಹಳೆ ಚಾರ್ಜರ್ ಉಂಟು, ಹೊಸದು ಕೊಳ್ಳಲು ಇವತ್ತೇ ಕೈಯಲ್ಲಿ ದುಡ್ಡಿಲ್ಲ. ಆಗ ಎಂತ ಮಾಡುವುದು?

ರಾತ್ರಿ ಹಾಕಿ ಮಲಗಬೇಡಿ. ಹಗಲು, ಮನೆಯಲ್ಲಿ ಎಚ್ಚರ ಇರುವವರು ಇರುವಾಗ ಹಾಕಿ. ಲೆಕ್ಕ ಹಾಕಿಕೊಂಡು ಹಾಕಿ. ಬ್ಯಾಟರಿಯ ಮೇಲೆ 100 ಎಎಚ್ ಅಂತ ಇದ್ದರೆ, ಅದು ಅರ್ಧ ಖಾಲಿ ಇದ್ದರೆ, 50 ತುಂಬಿಸಬೇಕು. ಚಾರ್ಜರ್ ಗಂಟೆಗೆ 10 ಕೊಡುತ್ತದೆ ಅಂತ ಇಟ್ಟುಕೊಳ್ಳಿ. 50ನ್ನು 10ರಿಂದ ಭಾಗಿಸಿ. 5 ಗಂಟೆ. ದಾರಿಯಲ್ಲಿ ಸ್ವಲ್ಪ ನಷ್ಟ ಆಗುತ್ತದೆ, ಅದಕ್ಕೆ ಇನ್ನೊಂದು ಗಂಟೆ ಸೇರಿಸಿ. 6 ಗಂಟೆ. ಭಾಗಾಕಾರದ ಪಾಠದ ದಿನ "ಇದು ಎಲ್ಲಿ ಉಪಯೋಗಕ್ಕೆ ಬರ್ತದೆ?" ಅಂತ ಕೇಳಿದ್ದಿರಿ. ಇಲ್ಲಿ ಬಂತು ನೋಡಿ. ಲೆಕ್ಕದ ಮೇಲೆ ಪೂರ್ತಿ ನಂಬಿಕೆಯೂ ಬೇಡ. ಗಂಟೆಗೊಮ್ಮೆ ಮೀಟರ್ ನೋಡಿ. 14.4 ಬಂದು ಗುಳ್ಳೆ ಜೋರಾಗಿ ಏಳುತ್ತಿದ್ದರೆ ಆರಿಸಿ. ಪೆಟ್ಟಿಗೆ ಕೈಗೆ ಬಿಸಿಯಾದರೆ ಗಂಟೆ ಎಷ್ಟೇ ಆಗಿರಲಿ, ಆರಿಸಿ.

61 ದಿನವೂ ಚಾರ್ಜ್ ಹಾಕಿಯೇ ಇಡಬೇಕು ಅನ್ನುವುದು ತಪ್ಪು ತಿಳುವಳಿಕೆ. ಒಮ್ಮೆ ತುಂಬಿಸಿ, ಕ್ಲಿಪ್ ತೆಗೆದು ಇಟ್ಟರೆ ತಿಂಗಳಿಗೊಮ್ಮೆ ಹಾಕಿದರೆ ಸಾಕು. ಕ್ಲಿಪ್ ತೆಗೆದು ಒಂದು ರಾತ್ರಿ ಕಳೆದ ಮೇಲೆ ಮೀಟರ್ ಹಿಡಿಯಿರಿ. 12.6 ಅಥವಾ 12.7 ಇದ್ದರೆ ಹೊಟ್ಟೆ ತುಂಬಿದೆ. 12.4ಕ್ಕಿಂತ ಇಳಿದರೆ ಮತ್ತೆ ಹಾಕಿ.

ಹಾಗಂತ ಹೆದರಿ ಚಾರ್ಜ್ ಹಾಕದೆ ಬಿಡಲೂಬಾರದು. ನಾವು ಈ ಮಾತು ಹಿಂದೆ ಒಂದು ಕಡೆ ಹೇಳಿದ ಮೇಲೆ ಒಬ್ಬ ತಾಯಿ ಎರಡು ತಿಂಗಳು ಚಾರ್ಜರನ್ನು ಮುಟ್ಟಲೇ ಬಿಡಲಿಲ್ಲ. ಖಾಲಿ ಬಿದ್ದ ಬ್ಯಾಟರಿಯ ಪ್ಲೇಟಿನ ಮೇಲೆ ಬಿಳಿ ಗಟ್ಟಿ ಪದರ ಕಟ್ಟುತ್ತದೆ. ಅದೂ ಹಾಳೇ. ಹೇಳುವಾಗ ಆ ಅರ್ಧ ನಾವು ಬಿಟ್ಟಿದ್ದೆವು. ತಪ್ಪು ನಮ್ಮದೇ.

ಇನ್ನು ನೀರು. ಆರುವುದು ನೀರು, ಆಸಿಡ್ ಅಲ್ಲ. ಹಾಗಾಗಿ ಮತ್ತೆ ಹಾಕುವುದೂ ನೀರನ್ನೇ. ಬ್ಯಾಟರಿ ನೀರು ಅಂತ ಅಂಗಡಿಯಲ್ಲಿ ಸಿಗುತ್ತದೆ, ಡಿಸ್ಟಿಲ್ಡ್ ವಾಟರ್. ಬಾವಿ ನೀರು ಬೇಡ. ನಮ್ಮ ಕಡಲ ಬದಿಯ ಬಾವಿಯಲ್ಲಿ ಉಪ್ಪಿನ ಅಂಶ ಇರುತ್ತದೆ. ಕಡಲ ನೀರಂತೂ ಬ್ಯಾಟರಿಯ ಒಳಗೆ ಹೋಗಲೇಬಾರದು. ಉಪ್ಪು ನೀರು ಅಲ್ಲಿ ಸೇರಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಬೋಟಿನಲ್ಲಿ ಬ್ಯಾಟರಿಯನ್ನು ಎತ್ತರದಲ್ಲಿ, ಅಲೆಯ ನೀರು ತಾಗದ ಪೆಟ್ಟಿಗೆಯಲ್ಲಿ ಇಡಬೇಕು ಅನ್ನುವುದು ಇದಕ್ಕೂ ಹೌದು. ಚಾರ್ಜ್ ಮುಗಿದ ಮೇಲೆ ಗುರುತಿನವರೆಗೆ ನೀರು ತುಂಬಿ. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಮಾತ್ರ, ಅದು ಮುಚ್ಚುವಷ್ಟು ನೀರನ್ನು ಚಾರ್ಜಿಗೆ ಮೊದಲೇ ಹಾಕಿ.

ನಮಗೆ ಹೆಂಗಸರಿಗೆ ಇನ್ನೊಂದು ವಿಷಯ ಉಂಟು. ಬ್ಯಾಟರಿಯ ಮೇಲೆ ಬಗ್ಗುವ ಮೊದಲು ಲೋಹದ ಬಳೆ ತೆಗೆಯಿರಿ. ಕರಿಮಣಿ ಕೆಳಗೆ ಜೋತು ಬೀಳುತ್ತದಲ್ಲ, ಅದನ್ನು ರವಿಕೆಯ ಒಳಗೆ ಸೇರಿಸಿ. ಚಿನ್ನವೋ ಕಬ್ಬಿಣವೋ, ಎರಡು ಕೊಂಬಿಗೂ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಕಿಡಿಯೂ ಹಾರುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ. ಆಸಿಡ್ಡಿನ ಒಂದು ಹನಿ ಸೀರೆಗೆ ಬಿದ್ದರೆ ಒಗೆದಾಗ ತೂತು ಕಾಣುತ್ತದೆ. ಕಣ್ಣಿಗೆ ಹಾರಿದರೆ ಉಜ್ಜಬೇಡಿ. ಒಳ್ಳೆ ನೀರನ್ನು ಕಾಲು ಗಂಟೆಯಾದರೂ ಬಿಡದೆ ಹಾಕುತ್ತಾ ಇರಿ. ಆಮೇಲೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ನೆಲಕ್ಕೆ ಚೆಲ್ಲಿದರೆ ಅಡುಗೆ ಸೋಡಾ ಉದುರಿಸಿ, ನೀರು ಹಾಕಿ ತೊಳೆಯಿರಿ.

ಕ್ಲಿಪ್ ತೆಗೆಯುವಾಗಲೂ ಒಂದು ಕ್ರಮ ಉಂಟು. ಮೊದಲು ಗೋಡೆಯ ಸ್ವಿಚ್ ಆರಿಸಿ. ಸ್ವಲ್ಪ ಹೊತ್ತು ಬಿಡಿ. ಆಮೇಲೆ ಕ್ಲಿಪ್ ಮುಟ್ಟಿ. ಸ್ವಿಚ್ ಹಾಕಿರುವಾಗ ಕ್ಲಿಪ್ ಎಳೆದರೆ ಕಿಡಿ ಹಾರುತ್ತದೆ. ಅದೇ ಜಾಗದಲ್ಲಿ ಜಲಜನಕ ಇರುತ್ತದೆ. ಬ್ಯಾಟರಿ ಇರುವ ಕಡೆ ಬೀಡಿ ಬೇಡ, ಚಿಮಣಿ ದೀಪ ಬೇಡ, ಒಲೆ ಬೇಡ. ಮಳೆಗೆ ಅಂತ ಟಾರ್ಪಾಲಿನ ಒಳಗೆ ಬಿಗಿದು ಮುಚ್ಚಿ ಚಾರ್ಜ್ ಹಾಕಬೇಡಿ. ಗಾಳಿ ಹೋಗಲು ದಾರಿ ಇರಲಿ.

ಈಗ ಮುಚ್ಚಳ ಇಲ್ಲದ ಬ್ಯಾಟರಿಗಳೂ ಬರುತ್ತವೆ. ಅದರಲ್ಲಿ ನೀರು ಆರಿದರೆ ನಮಗೆ ಕಾಣುವುದೂ ಇಲ್ಲ, ಹಾಕಲೂ ಆಗುವುದಿಲ್ಲ. ಅದಕ್ಕೆ ಹಳೆ ಚಾರ್ಜರ್ ಇನ್ನೂ ಕೆಟ್ಟದ್ದು. ಲಿಥಿಯಂ ಬ್ಯಾಟರಿಗಂತೂ ಅದರದ್ದೇ ಚಾರ್ಜರ್ ಬೇಕು. ಬೇರೆಯದ್ದನ್ನು ತಾಗಿಸಬೇಡಿ.

ನಮ್ಮನ್ನು ಕೇಳಿದರೆ, ಡೈರೆಕ್ಟ್ ಮಾಡಿದ ಚಾರ್ಜರನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಬೇಡ. ಹೊಸ ಆಟೋಮ್ಯಾಟಿಕ್ ಚಾರ್ಜರ್ ತುಂಬಿದ ಮೇಲೆ ತಾನೇ ಒತ್ತಡ ಇಳಿಸುತ್ತದೆ. ಬೋಟಿನ ಒಂದು ದೊಡ್ಡ ಬ್ಯಾಟರಿಯ ಬೆಲೆಗಿಂತ ಕಡಿಮೆಗೆ ಬರುತ್ತದೆ. ಆ ಅಕ್ಕನ ಮನೆಯಲ್ಲಿ ಅದನ್ನೇ ತಂದರು. ಮೊದಲು ಗಂಡ ಒಪ್ಪಲಿಲ್ಲ. "ಅಪ್ಪನ ಚಾರ್ಜರ್" ಅಂದರು. ಅಕ್ಕ ನೋಟು ಪುಸ್ತಕ ತಂದು ಎದುರಿಗೆ ಇಟ್ಟರು. ಗಂಡ ಮೂರು ಅಂಕಿ ನೋಡಿದರು. ಆಮೇಲೆ "4 ಗಂಟೆಗೆ ನೀನು ಎದ್ದಿದ್ದೆಯಾ?" ಅಂತ ಕೇಳಿದರಂತೆ. ಅಷ್ಟೇ. ಮರುದಿನ ಪೇಟೆಗೆ ಹೋದರು.

ಪೆಟ್ಟು ಬಿದ್ದ ಬ್ಯಾಟರಿಯನ್ನು ಎಂಜಿನ್ನಿಗೆ ಕೊಡಲಿಲ್ಲ. ಮನೆಯ ದೀಪಕ್ಕೆ ಇಟ್ಟುಕೊಂಡರು. ಹಳೆ ಚಾರ್ಜರಿನ ವಯರನ್ನು ಅಕ್ಕ ಕತ್ತರಿಸಿ ಹಾಕಿದರು. ಗುಜರಿಯಿಂದ ಇನ್ನೊಬ್ಬರ ಮನೆಗೆ ಹೋಗಬಾರದಲ್ಲ, ಅದಕ್ಕೆ.

ನಾಳೆ ನಾವು ಮೀಟರ್ ತರುತ್ತೇವೆ. ಶಾಲೆಯ ಹಳೆ ಬ್ಯಾಟರಿ ಒಂದು ಉಂಟು, ಅದರ ಮೇಲೆ ಕಲಿಯುವ. ನೀವು ಒಂದು ಕೆಲಸ ಮಾಡಿ. ಮನೆಯ ಚಾರ್ಜರಿನ ಹಿಂದೆ ಒಂದು ಚೀಟಿ ಅಂಟಿಸಿರುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬಟ್ಟೆಯಿಂದ ಧೂಳು ಒರೆಸಿ ನೋಡಿ. ಅದರಲ್ಲಿ ಇರುವ ಅಂಕಿಗಳನ್ನು ಇದ್ದ ಹಾಗೇ ಬರೆದುಕೊಂಡು ಬನ್ನಿ. ಚೀಟಿ ಹರಿದು ಹೋಗಿದ್ದರೆ "ಚೀಟಿ ಇಲ್ಲ" ಅಂತ ಬರೆಯಿರಿ.

ಮಳೆ ಸ್ವಲ್ಪ ಬಿಟ್ಟಿದೆ. ಟಾರ್ಚ್ ಇದ್ದವರು ಮುಂದೆ ನಡೆಯಿರಿ.